ಮಾಂಗ್ವನ್ ಓಣಿಯ ಊಟ

ಸೋಲ್ ನಗರದ ಪಶ್ಚಿಮಕ್ಕೆ, ಹಾನ್ ನದಿಯ ದಡದಲ್ಲಿ ಹನುಲ್ ಉದ್ಯಾನವಿದೆ. ನೆತ್ತಿ ಚಪ್ಪಟೆಯಾದ ಗುಡ್ಡ. ಹತ್ತುವುದಕ್ಕೆ ಅಂಕುಡೊಂಕಾದ ಮೆಟ್ಟಿಲುಗಳು. ಅಕ್ಟೋಬರಿನಲ್ಲಿ ಮೇಲಿನ ಬಯಲಿನ ತುಂಬ ಆಳೆತ್ತರದ ಹುಲ್ಲು ತೆನೆಯೊಡೆದು, ಬಿಸಿಲು ಬಿದ್ದ ಕಡೆ ಬೆಳ್ಳಗೆ, ನೆರಳಿದ್ದ ಕಡೆ ಕಂದಾಗಿ ತೂಗುತ್ತಿರುತ್ತದೆ. ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯರು, ಫೋಟೊ ತೆಗೆಸಿಕೊಳ್ಳುವ ಜೋಡಿಗಳು, ಕೋಲೂರಿಕೊಂಡು ಬಂದ ನಿವೃತ್ತರು ಆ ಹುಲ್ಲಿನ ನಡುವಿನ ಕಾಲುದಾರಿಗಳಲ್ಲಿ ಓಡಾಡುತ್ತಿದ್ದರು.

“ಚಿಕ್ಕಮ್ಮ, ನೀನೀಗ ನಿಂತಿರೋದು ಕಸದ ಮೇಲೆ” ಎಂದಳು ನನ್ನ ಅಕ್ಕನ ಮಗಳು. ಶಿರಸಿ ಕಡೆಯ ಹುಡುಗಿ, ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಊರು ತೋರಿಸುವುದೆಂದರೆ ಅರಮನೆಯಿಂದ ಶುರುಮಾಡಬೇಕು ಎಂಬ ನಿಯಮವನ್ನು ಅವಳು ಒಪ್ಪುವುದಿಲ್ಲ.

ಈ ಜಾಗ ಹಿಂದೆ ನಾಂಜಿದೊ ಎಂಬ ನದಿದ್ವೀಪವಾಗಿತ್ತು. 1978ರಲ್ಲಿ ಸೋಲ್ ತನ್ನ ಕಸವನ್ನು ಇಲ್ಲಿ ಸುರಿಯತೊಡಗಿತು. 1993ರಲ್ಲಿ ನಿಲ್ಲಿಸುವ ಹೊತ್ತಿಗೆ ಬಂದು ಬಿದ್ದದ್ದು ಸುಮಾರು 9 ಕೋಟಿ 20 ಲಕ್ಷ ಟನ್. ಅಷ್ಟೂ ಸೇರಿ ತೊಂಬತ್ತು ಮೀಟರಿಗೂ ಎತ್ತರದ ಗುಡ್ಡಗಳಾಗಿ ನಿಂತಿತು. ಆ ಕಸ ಹೆಕ್ಕಿ ಬದುಕುವ ಸಂಸಾರಗಳ ಕೇರಿಯೂ ಇಲ್ಲಿತ್ತು. ಆಮೇಲೆ ಅದಕ್ಕೆ ಮಣ್ಣು ಹೊದೆಸಿದರು. ಒಸರುವ ಕೊಳೆನೀರು ನದಿ ಸೇರದಂತೆ ತಡೆಗೋಡೆ ಇಳಿಸಿದರು. ಒಳಗೆ ಹುಟ್ಟುವ ಮೀಥೇನ್ ಅನಿಲವನ್ನು ಕೊಳವೆಗಳಿಂದ ಹೀರಿ ಸುತ್ತಲ ಕಟ್ಟಡಗಳನ್ನು ಬೆಚ್ಚಗಿಡಲು ಬಳಸಿದರು. 2002ರ ವಿಶ್ವಕಪ್ ಫುಟ್‌ಬಾಲ್ ಹೊತ್ತಿಗೆ ಅದೊಂದು ಉದ್ಯಾನವಾಗಿ ಜನರಿಗೆ ತೆರೆಯಿತು. ಹುಲ್ಲಿನ ನಡುವೆ ಅಲ್ಲಲ್ಲಿ ತಲೆಯೆತ್ತಿರುವ ಕೊಳವೆಗಳನ್ನು ಅವಳು ತೋರಿಸಿದ ಮೇಲೆ, ಅಷ್ಟು ಹೊತ್ತು ಬರೀ ಹುಲ್ಲು ಕಂಡ ಕಣ್ಣಿಗೆ ಬೇರೇನೂ ಕಾಣದಾಯಿತು.

ಹಸಿವಾಗಿತ್ತು. ಗುಡ್ಡ ಇಳಿದು ಬಸ್ಸು ಹಿಡಿದರೆ ಸ್ವಲ್ಪ ದೂರದಲ್ಲಿ ಮಾಂಗ್ವನ್ ಬಡಾವಣೆ. ಅಲ್ಲೊಂದು ಓಣಿಯಲ್ಲಿ ಅವಳು ನನ್ನನ್ನು ಕರೆದೊಯ್ಯಬೇಕೆಂದಿದ್ದ ಪುಟ್ಟ ಸಸ್ಯಾಹಾರಿ ಕೆಫೆ ಇತ್ತು.

ಕೊರಿಯಾದಲ್ಲಿ ಸಸ್ಯಾಹಾರಿಯ ಪಾಡು ಏನೆಂದು ಮೊದಲೇ ಹೇಳಿಬಿಡಬೇಕು. ಬೀದಿಬದಿಯ ಹೋಟೆಲುಗಳಲ್ಲಿ ಮೇಜಿನ ನಡುವೆಯೇ ಹಂದಿಮಾಂಸ ಸುಡುವ ಹೊಗೆ ಏಳುತ್ತಿರುತ್ತದೆ, ಅದು ದೂರದಿಂದಲೇ ಗೊತ್ತಾಗುವುದರಿಂದ ದಾಟಿ ಹೋಗಬಹುದು. ತೊಡಕಿರುವುದು ತರಕಾರಿಯಂತೆ ಕಾಣುವ ತಿನಿಸುಗಳಲ್ಲಿ. ಪಾಲಕ್ ಸೊಪ್ಪಿನ ಸಾರಿನ ತಳದಲ್ಲಿ ಒಣಮೀನು ಕುದಿಸಿದ ನೀರಿರುತ್ತದೆ. ಎಲೆಕೋಸಿನ ಕಿಮ್ಚಿಯನ್ನು ಹುಳಿಯಿಸಲು ಉಪ್ಪಿನಲ್ಲಿ ಕಳಿತ ಸಿಗಡಿಯೋ ಮೀನಿನ ರಸವೋ ಬಿದ್ದಿರುತ್ತದೆ. ಅನ್ನವನ್ನು ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಗಿಂಬಾಪ್ ಎಷ್ಟು ಮುದ್ದಾಗಿ ಕಂಡರೂ ಅದರ ನಡುವೆ ಹ್ಯಾಮ್ ಇರುವುದೇ ಹೆಚ್ಚು. “ಮಾಂಸ ಬೇಡ” ಎಂದರೆ ಅಂಗಡಿಯವರು ನಗುತ್ತ ಒಪ್ಪುತ್ತಾರೆ, ತುಣುಕುಗಳನ್ನು ಆರಿಸಿ ತೆಗೆದು ಕೊಡುತ್ತಾರೆ. ಅದರಲ್ಲಿ ಮೋಸವೇನಿಲ್ಲ. ಸಾರಿಗೆ ರುಚಿ ಕೊಟ್ಟು ಕರಗಿಹೋದದ್ದನ್ನು ಅವರು ಮಾಂಸವೆಂದು ಎಣಿಸುವುದಿಲ್ಲ, ಅಷ್ಟೆ.

ಈ ದೇಶ ಹೀಗೆ ಮಾಂಸ ತಿನ್ನತೊಡಗಿದ್ದು ಬಹಳ ಹಿಂದೇನಲ್ಲ. 1980ರ ದಶಕದ ನಡುವಿನವರೆಗೂ ಒಬ್ಬ ಕೊರಿಯನ್ ವರ್ಷಕ್ಕೆ 120 ಕಿಲೊ ದಾಟಿ ಅಕ್ಕಿ ಉಣ್ಣುತ್ತಿದ್ದ. 2023ಕ್ಕೆ ಅದು 56.4 ಕಿಲೊಗೆ ಇಳಿದಿದೆ, ಮಾಂಸ ಅಕ್ಕಿಯನ್ನು ಹಿಂದೆ ಹಾಕಿದೆ. ಒಂದೇ ತಲೆಮಾರಿನಲ್ಲಿ ತಟ್ಟೆ ಮಗುಚಿಕೊಂಡ ನಾಡು ಇದು. ಆದ್ದರಿಂದಲೇ ಈಗ ಮರಳುವ ದಾರಿ ಹುಡುಕುತ್ತಿರುವ ಹುಡುಗ ಹುಡುಗಿಯರು ನನಗೆ ಮುಖ್ಯವಾಗಿ ಕಾಣುತ್ತಾರೆ. 2021ರಿಂದ ಇಲ್ಲಿನ ಸೇನೆ ಕಡ್ಡಾಯ ಸೇವೆಗೆ ಬಂದ ಸಸ್ಯಾಹಾರಿ ತರುಣರಿಗೆ ಕೇಳಿದರೆ ಬೇರೆ ಊಟ ಕೊಡುತ್ತದೆ. ಅದೇ ವರ್ಷದಿಂದ ಸೋಲ್‌ನ ಶಾಲೆಗಳಲ್ಲಿ ತಿಂಗಳಲ್ಲಿ ಕೆಲವು ದಿನ ಮಾಂಸವಿಲ್ಲದ ಬಿಸಿಯೂಟ ಇದೆ. ಹವಾಮಾನ ಕೆಡುತ್ತಿದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಧರ್ಮದ ಮಾತು ಅಲ್ಲೆಲ್ಲೂ ಇಲ್ಲ.

ಮಾಂಗ್ವನ್ ಈ ಹೊಸಬರ ಬಡಾವಣೆ. ಹಳೆಯ ಸಂತೆಪೇಟೆ ಇನ್ನೂ ಗಟ್ಟಿಯಾಗಿದೆ. ಛಾವಣಿ ಹೊದೆಸಿದ ಬೀದಿಯ ಎರಡೂ ಬದಿಗೆ ಮೂಲಂಗಿ, ಸೀತಾಫಲದಷ್ಟು ಮೆತ್ತಗಾದ ಪರ್ಸಿಮನ್, ಬಿದಿರು ಮೊರದಲ್ಲಿ ಒಣಗಿದ ಅಣಬೆ, ಕೆಂಪು ಮೆಣಸಿನ ಪುಡಿಯ ಗುಡ್ಡೆ. ಅದರ ಹಿಂದಿನ ಓಣಿಗಳಲ್ಲಿ ಯುವಕರ ಪುಟ್ಟ ಅಂಗಡಿಗಳು. 2020ರಲ್ಲಿ ಇಲ್ಲಿಯೇ ‘ಅಲ್ಮೆಂಗ್’ ಎಂಬ ಅಂಗಡಿ ತೆರೆಯಿತು. ಸೋಪಿನ ನೀರು, ಶಾಂಪು, ಚಹಾ ಎಲ್ಲವನ್ನೂ ನಮ್ಮದೇ ಬಾಟಲಿಗೆ, ಡಬ್ಬಿಗೆ ತೂಗಿಸಿಕೊಂಡು ಬರಬಹುದು. ದಿನಸಿ ಅಂಗಡಿಗೆ ಎಣ್ಣೆಯ ಕ್ಯಾನು ಹಿಡಿದುಕೊಂಡು ಹೋದ ತಲೆಮಾರಿನವಳು ನಾನು. ಅಲ್ಲಿನ ಜನ ಅದನ್ನು ಹೊಸದಾಗಿ ಕಲಿಯುತ್ತಿರುವುದನ್ನು ನೋಡಿ ಮನಸ್ಸಿಗೆ ಹಿತವೆನಿಸಿತು.

ಕೆಫೆ ಎರಡನೆಯ ಮಹಡಿಯಲ್ಲಿತ್ತು. ಕಡಿದಾದ ಮೆಟ್ಟಿಲು, ಬಾಗಿಲ ಬಳಿ ಚಪ್ಪಲಿಯ ಗೂಡು. ಕುರ್ಚಿಗಳು ಒಂದರಂತೆ ಒಂದಿಲ್ಲ, ಯಾರೋ ಮನೆ ಬದಲಾಯಿಸುವಾಗ ಬಿಟ್ಟುಹೋದವನ್ನು ಉಜ್ಜಿ, ಎಣ್ಣೆ ಹಚ್ಚಿ ತಂದಿಟ್ಟಿದ್ದಾರೆ. ಕಿಟಕಿಯ ಪಕ್ಕ ದಪ್ಪ ಗಾಜಿನ ಭರಣಿಗಳಲ್ಲಿ ಸಕ್ಕರೆಯಲ್ಲಿ ಕಳಿಯುತ್ತಿರುವ ಹಸಿರು ಪ್ಲಮ್. ಕಾಗದದ ಕರವಸ್ತ್ರ ಇಲ್ಲ, ನೇಯ್ದ ಹತ್ತಿಯ ತೆಳು ಬಟ್ಟೆಯ ತುಂಡುಗಳನ್ನು ಮಡಿಸಿ ಬುಟ್ಟಿಯಲ್ಲಿಟ್ಟಿದ್ದಾರೆ. ಒರೆಸಿಕೊಂಡ ಮೇಲೆ ಹಾಕಲು ಇನ್ನೊಂದು ಬುಟ್ಟಿ. ನೀರು ನಾವೇ ತಂದುಕೊಳ್ಳಬೇಕು. ನೀರೆಂದರೆ ಹುರಿದ ಬಾರ್ಲಿ ಕುದಿಸಿದ ಕಂದು ಬಣ್ಣದ ಬೊರಿಚಾ. ಪಾತ್ರೆ ತೊಳೆಯುವ ಜಾಗ ಅಡುಗೆಮನೆಯ ಈಚೆಗೇ ಇದೆ. ಅಲ್ಲಿ ತೂಗುಹಾಕಿದ್ದು ಒಣಗಿದ ಹೀರೆಯ ನಾರು. ನಮ್ಮ ಹಿತ್ತಲಿನ ತುಪ್ಪದ ಹೀರೆ ಬಳ್ಳಿಯಲ್ಲಿ ಬಲಿತು ಒಣಗಿದರೆ ಅಜ್ಜಿ ಬೀಜ ಕುಟ್ಟಿ ತೆಗೆದು ಬಚ್ಚಲಿಗೆ ಇಡುತ್ತಿದ್ದದ್ದೇ. ಸೋಲ್‌ನಲ್ಲಿ ಅದಕ್ಕೆ ಒಳ್ಳೆಯ ಬೆಲೆ ಇದೆ.

ಕಪ್ಪು ಹಲಗೆಯ ಮೇಲೆ ಆ ದಿನದ ಊಟ ಬರೆದಿತ್ತು. ಬಹಳ ಇರಲಿಲ್ಲ. ಸೊಪ್ಪು ತರಕಾರಿಗಳ ಬಿಬಿಂಬಾಪ್, ಪೆರಿಲ್ಲಾ ಬೀಜ ಅರೆದು ಮಾಡಿದ ಗಟ್ಟಿ ಸಾರಿನಲ್ಲಿ ಕೈಯಿಂದ ಹರಿದು ಹಾಕಿದ ಗೋಧಿ ಹಿಟ್ಟಿನ ತುಣುಕುಗಳು, ಓಕ್ ಮರದ ಕಾಯಿಯ ಪಿಷ್ಟದಿಂದ ಮಾಡಿದ ಹಲ್ವದಂಥ ದೊತೊರಿಮುಕ್. ಸಂಜೆಗೆ ಬೇರೇನಿಲ್ಲ, ಮುಗಿದರೆ ಮುಗಿಯಿತು. ಬೆಲೆ ಹನ್ನೆರಡು ಸಾವಿರ ವೋನ್, ನಮ್ಮ ಲೆಕ್ಕದಲ್ಲಿ ಏಳೂವರೆ ನೂರು ರೂಪಾಯಿಯ ಆಸುಪಾಸು. ಸೋಲ್‌ನಲ್ಲಿ ಅದು ಮಧ್ಯಾಹ್ನದ ಊಟಕ್ಕೆ ದುಬಾರಿಯೇನಲ್ಲ.

ಬಟ್ಟಲು ಬಂತು. ನಡುವೆ ಅನ್ನ. ಬರೀ ಬೆಳ್ಳಕ್ಕಿಯಲ್ಲ, ಅದರೊಳಗೆ ಕರಿ ಸೋಯಾಕಾಳು, ಬಾರ್ಲಿ, ಹಳದಿ ನವಣೆ. ನವಣೆ ಮತ್ತು ಬರಗು ಕೊರಿಯಾದ ಹಳೆಯ ಧಾನ್ಯಗಳು, ವರ್ಷದ ಮೊದಲ ಹುಣ್ಣಿಮೆಗೆ ಐದು ಧಾನ್ಯದ ಅನ್ನ ಮಾಡುವ ಪದ್ಧತಿ ಇವತ್ತಿಗೂ ಇದೆ. ಅನ್ನದ ಸುತ್ತ ಬೇರೆ ಬೇರೆಯಾಗಿ ಹದಗೊಳಿಸಿದ ಪಲ್ಯಗಳು. ಮೊಳಕೆ ಬಂದ ಸೋಯಾ, ಬಾಡಿಸಿದ ಪಾಲಕ್, ದೊರಾಜಿ ಎಂಬ ಬಿಳಿ ಬೇರಿನ ಎಳೆಗಳು, ಎಳೆ ಸೋರೆಯಂಥ ಹೊಬಾಕ್, ಸೀಳಿ ಹುರಿದ ಅಣಬೆ. ಮತ್ತೆ ಕಂದು ಬಣ್ಣದ, ಮುರುಟಿದ ಗೊಸಾರಿ. ಅದು ಕಾಡಿನ ಜರಿಗಿಡದ ಎಳೆಚಿಗುರು. ಕೊಡಗಿನವರು ಮಳೆಗಾಲದಲ್ಲಿ ಹೊಳೆದಂಡೆಯಿಂದ ಕಿತ್ತು ತರುವ ತೆರ್ಮೆ ತೊಪ್ಪಿನ ದೂರದ ನೆಂಟ. ಹಸಿಯಾಗಿ ತಿಂದರೆ ವಿಷ. ಕೊರಿಯನ್ನರು ವಸಂತದಲ್ಲಿ ಕಿತ್ತು, ಕುದಿಸಿ, ಒಣಗಿಸಿ ಇಡುತ್ತಾರೆ. ಬೇಕಾದಾಗ ಮತ್ತೆ ನೆನೆಹಾಕಿ, ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ಸೋಯಾ ರಸ ಮತ್ತು ಪೆರಿಲ್ಲಾ ಎಣ್ಣೆಯಲ್ಲಿ ಬಾಡಿಸುತ್ತಾರೆ. ಇಷ್ಟೆಲ್ಲ ಪಾಡು ಪಟ್ಟಾದರೂ ಒಂದು ಕಾಡುಗಿಡವನ್ನು ತಿನ್ನುವಂತೆ ಮಾಡಿಕೊಂಡ ಜನ ಹಸಿವನ್ನು ಚೆನ್ನಾಗಿ ಬಲ್ಲವರೇ ಇರಬೇಕು. ಬಾಯಿಗಿಟ್ಟರೆ ಅಗಿಯಲು ಸಿಗುವ, ಮಣ್ಣಿನ ಘಮ ಉಳ್ಳ ರುಚಿ.

ಪಕ್ಕದ ಪುಟ್ಟ ಬಟ್ಟಲಲ್ಲಿ ಗೊಚುಜಾಂಗ್. ಮೆಣಸಿನಪುಡಿ, ಅಂಟಕ್ಕಿ, ಸೋಯಾ ಸೇರಿಸಿ ತಿಂಗಳುಗಟ್ಟಲೆ ಹುಳಿಯಿಸಿದ ಕೆಂಪು ಗೊಜ್ಜು. ಕಡ್ಡಿಗಳನ್ನು ಬದಿಗಿಟ್ಟು ಉದ್ದ ಹಿಡಿಯ ಸ್ಟೀಲ್ ಚಮಚದಿಂದ ಎಲ್ಲವನ್ನೂ ಕಲಸಬೇಕು. “ಸುಮ್ನೆ ಅಲ್ಲಾಡಿಸಿದ್ರೆ ಆಗೋದಿಲ್ಲ ಚಿಕ್ಕಮ್ಮ, ತಳದಿಂದ ಮೇಲೆ ತಂದು ಕಲಸು” ಎಂದು ಅವಳು ತಾನೇ ಚಮಚ ತೆಗೆದುಕೊಂಡು ನನ್ನ ಬಟ್ಟಲು ಕಲಸಿಕೊಟ್ಟಳು. ಪೆರಿಲ್ಲಾ ಎಣ್ಣೆಯ ವಾಸನೆ ಬಿಸಿ ಅನ್ನಕ್ಕೆ ತಾಗಿ ಎದ್ದಿತು. ಆ ಪ್ರವಾಸದಲ್ಲಿ ಇದರಲ್ಲೇನಿದೆಯೋ ಎಂಬ ಅನುಮಾನವಿಲ್ಲದೆ ಹೊಟ್ಟೆ ತುಂಬ ಉಂಡ ಊಟ ಅದು. ನಾಲಿಗೆಗಿಂತ ಮೊದಲು ಮನಸ್ಸು ಸಡಿಲಾಯಿತು.

ಸಾರಿನ ತಳಕ್ಕೆ ಮೀನಿನ ಬದಲು ಕಡಲಪಾಚಿ ದಾಸಿಮಾ ಮತ್ತು ಒಣ ಅಣಬೆ. ಕಿಮ್ಚಿಯಲ್ಲಿ ಸಿಗಡಿ ಇಲ್ಲ, ಮೂರನೆಯ ತುತ್ತಿಗೆ ಬೆಳ್ಳುಳ್ಳಿಯೂ ಇಲ್ಲವೆಂದು ಗೊತ್ತಾಯಿತು. ಬೆಳ್ಳುಳ್ಳಿಯಿಲ್ಲದ ಕಿಮ್ಚಿ ಕೊರಿಯಾದ ಮನೆಗಳಲ್ಲಿ ಯೋಚನೆಗೂ ಬಾರದ ಸಂಗತಿ. ಇದು ಎಲ್ಲಿಂದ ಬಂತು ಎಂದು ಕೇಳಿಸಿದೆ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಯಜಮಾನಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. “ಮಠದಿಂದ” ಎಂದಳು.

ಕೊರಿಯಾಕ್ಕೆ ಬೌದ್ಧಧರ್ಮ ಬಂದದ್ದು 372ರಲ್ಲಿ, ಚೀನಾದ ಮೂಲಕ. ಹನ್ನೆರಡು ವರ್ಷಗಳ ನಂತರ ಪೆಕ್ಜೆ ರಾಜ್ಯಕ್ಕೆ ಅದನ್ನು ಒಯ್ದವನು ಮಾರಾನಂದ, ಭಾರತದಿಂದ ಬಂದವನೆಂದು ಕೊರಿಯಾದ ಹಳೆಯ ಬರಹಗಳು ಹೇಳುತ್ತವೆ. ಭಿಕ್ಷೆಯಲ್ಲಿ ಬಿದ್ದದ್ದನ್ನು ಉಣ್ಣುತ್ತಿದ್ದ ಭಿಕ್ಷುಗಳು ಕಟ್ಟುನಿಟ್ಟಾಗಿ ಮಾಂಸ ಬಿಟ್ಟದ್ದು ಚೀನಾದ ಮಠಗಳಲ್ಲಿ. ಆ ಕಟ್ಟಳೆ ಕೊರಿಯಾದಲ್ಲಿ ಉಳಿಯಿತು. ಮುಂದೆ 1392ರಲ್ಲಿ ಅಧಿಕಾರಕ್ಕೆ ಬಂದ ಚೊಸನ್ ಅರಸರು ಕನ್‌ಫ್ಯೂಶಿಯಸನ ದಾರಿ ಹಿಡಿದು ಬೌದ್ಧ ಮಠಗಳನ್ನು ಹತ್ತಿಕ್ಕಿದಾಗ ಭಿಕ್ಷುಗಳು ಬೆಟ್ಟ ಸೇರಿದರು. ಬೆಟ್ಟದಲ್ಲಿ ಸಿಕ್ಕಿದ್ದನ್ನು ತಿಂದರು. ಜರಿಗಿಡ, ಬೇರು, ಅಣಬೆ, ಓಕ್ ಕಾಯಿ. ನನ್ನ ಬಟ್ಟಲಲ್ಲಿದ್ದ ಅರ್ಧದಷ್ಟು ತರಕಾರಿಗೆ ಆ ವನವಾಸದ ಚರಿತ್ರೆ ಇದೆ.

ಮಠದ ಅಡುಗೆಯಲ್ಲಿ ಐದು ಖಾರದ ಗಿಡಗಳು ನಿಷಿದ್ಧ. ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಅದೇ ಜಾತಿಯ ಇನ್ನೆರಡು ಸೊಪ್ಪುಗಳು. ಐದನೆಯದು ಇಂಗು! ಚಾತುರ್ಮಾಸದಲ್ಲಿ ಬೆಳ್ಳುಳ್ಳಿ ಈರುಳ್ಳಿ ಬಿಟ್ಟು ಅದರ ಜಾಗಕ್ಕೆ ಇಂಗಿನ ಒಗ್ಗರಣೆ ಹಾಕುವ ಮನೆಯಿಂದ ಬಂದ ನನಗೆ ಅದನ್ನು ಕೇಳಿ ಅಚ್ಚರಿಯಾಯಿತು. ಕೊರಿಯಾದಲ್ಲಿ ಇಂಗಿನ ಗಿಡ ಬೆಳೆಯುವುದೂ ಇಲ್ಲ, ಯಾರೂ ಅದನ್ನು ಬಳಸುವುದೂ ಇಲ್ಲ. ಆದರೂ ಪಟ್ಟಿಯಲ್ಲಿ ಮಾತ್ರ ಇದೆ, ಬೌದ್ಧ ಗ್ರಂಥಗಳ ಜತೆ ಬಂದು ಅಷ್ಟು ದೂರದ ಮಠದ ಗೋಡೆಯೊಳಗೆ ಉಳಿದುಬಿಟ್ಟಿದೆ.

ಈ ಅಡುಗೆಗೆ ಈಗ ಲೋಕಪ್ರಸಿದ್ಧಿ ಬಂದಿದೆ. ದಕ್ಷಿಣದ ಪೆಗ್ಯಾಂಗ್ಸಾ ಮಠಕ್ಕೆ ಸೇರಿದ ಆಶ್ರಮವೊಂದರ ಭಿಕ್ಷುಣಿ ಜಂಗ್ ಗ್ವಾನ್ 2017ರಲ್ಲಿ ನೆಟ್‌ಫ್ಲಿಕ್ಸ್‌ನ ‘ಶೆಫ್ಸ್ ಟೇಬಲ್’ ಸರಣಿಯಲ್ಲಿ ಕಾಣಿಸಿಕೊಂಡ ಮೇಲೆ ದೊಡ್ಡ ದೊಡ್ಡ ಬಾಣಸಿಗರು ಅವರನ್ನು ಹುಡುಕಿಕೊಂಡು ಹೋಗುತ್ತಾರೆ. ಅವರು ಹೋಟೆಲು ನಡೆಸಿದವರಲ್ಲ, ಮಠದವರಿಗೆ ಬೇಯಿಸಿ ಹಾಕಿದವರು. ಸೋಲ್ ನಡುವಿನ ಜೋಗ್ಯೆಸಾ ದೇವಾಲಯದ ಎದುರು ಬೌದ್ಧ ಸಂಘದವರೇ ನಡೆಸುವ ಭೋಜನಶಾಲೆಗೆ ಮಿಶೆಲಿನ್ ಮಾರ್ಗದರ್ಶಿಯ ನಕ್ಷತ್ರವೂ ಸಿಕ್ಕಿತ್ತು. ಆ ಊಟ ಸೊಗಸು, ಬೆಲೆಯೂ ಹಾಗೇ. ಮಾಂಗ್ವನ್‌ನ ಕೆಫೆ ಅದನ್ನು ಓಣಿಗೆ ಇಳಿಸಿದೆ. ಕಾಲೇಜು ಹುಡುಗ ಬೆನ್ನಿಗೆ ಚೀಲ ಹಾಕಿಕೊಂಡು ಬಂದು, ಒಬ್ಬನೇ ಕೂತು, ಉಂಡು ಎದ್ದುಹೋಗಬಹುದು. ನನಗೆ ಇದೇ ಹೆಚ್ಚು ಇಷ್ಟವಾಯಿತು.

ಯಜಮಾನಿ ಮಠದಲ್ಲಿ ಉಳಿದು ಕಲಿತದ್ದು ರೆಸಿಪಿಗಿಂತ ಹೆಚ್ಚಾಗಿ ಉಣ್ಣುವ ಕ್ರಮ. ಬಾರು ಗೊಂಗ್ಯಾಂಗ್ ಎನ್ನುತ್ತಾರೆ. ಒಂದರೊಳಗೊಂದು ಕೂರುವ ನಾಲ್ಕು ಬಟ್ಟಲುಗಳು. ಅನ್ನಕ್ಕೆ, ಸಾರಿಗೆ, ಪಲ್ಯಕ್ಕೆ, ನೀರಿಗೆ. ಎಷ್ಟು ಬೇಕೋ ಅಷ್ಟೇ ಹಾಕಿಸಿಕೊಳ್ಳಬೇಕು. ಕಿಮ್ಚಿಯ ಅಥವಾ ಉಪ್ಪುಮೂಲಂಗಿಯ ಒಂದೇ ಒಂದು ತುಂಡನ್ನು ಕೊನೆಗೆ ಉಳಿಸಿಕೊಳ್ಳಬೇಕು. ಊಟ ಮುಗಿದಾಗ ಬಿಸಿನೀರು ಹಾಕಿಸಿಕೊಂಡು ಆ ತುಂಡಿನಿಂದಲೇ ಬಟ್ಟಲುಗಳನ್ನು ಒಂದೊಂದಾಗಿ ಉಜ್ಜಿ, ತುಂಡನ್ನು ತಿಂದು, ಆ ನೀರನ್ನು ಕುಡಿಯಬೇಕು. ಆಮೇಲೆ ತಿಳಿನೀರಿನಲ್ಲಿ ಜಾಲಾಡಿಸಿದ್ದನ್ನು ಎಲ್ಲರಿಂದಲೂ ಒಂದು ಪಾತ್ರೆಗೆ ಸುರಿಸಿಕೊಳ್ಳುತ್ತಾರೆ. ಆ ನೀರಿನಲ್ಲಿ ಒಂದು ಕಾಳೂ ತೇಲಬಾರದು. ಏಕೆಂದರೆ ಅದು ಹಸಿದ ಪ್ರೇತಗಳ ಪಾಲು. ಅವುಗಳ ಗಂಟಲು ಸೂಜಿಯಷ್ಟು ಸಣ್ಣದು, ಒಂದು ಅಗುಳಿದ್ದರೂ ಸಿಕ್ಕಿಕೊಂಡು ನರಳುತ್ತವೆ ಎಂಬ ನಂಬಿಕೆ.

ಎಂಜಲು ನೀರಿಗೂ ಒಬ್ಬ ಹಸಿದವನನ್ನು ಕಲ್ಪಿಸಿಕೊಂಡ ಆ ಕರುಣೆಯ ಮುಂದೆ ನಾನು ಸ್ವಲ್ಪ ಹೊತ್ತು ಮಾತಿಲ್ಲದೆ ಕೂತೆ. ಕೆಫೆಯಲ್ಲಿ ಬಟ್ಟಲು ತೊಳೆದು ಕುಡಿಯಿರಿ ಎಂದು ಯಾರೂ ಹೇಳುವುದಿಲ್ಲ. ಆದರೆ ಆ ಶಿಸ್ತಿನ ನೆರಳು ಎಲ್ಲೆಡೆ ಇದೆ. ಕೊರಿಯಾದ ಊಟದಲ್ಲಿ ಬಾಂಚಾನ್ ಎಂದು ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಹತ್ತಾರು ನೆಂಚಿಕೆಗಳು ಕೇಳದೆಯೇ ಬಂದು ಮೇಜು ತುಂಬುತ್ತವೆ. ಅತಿಥಿಗೆ ಕೊರತೆಯಾಗಬಾರದೆಂಬ ಔದಾರ್ಯ. ಅದರಲ್ಲಿ ಅರ್ಧ ಹಾಗೇ ಉಳಿಯುತ್ತದೆ. ಒಬ್ಬರ ಮುಂದೆ ಇಟ್ಟದ್ದನ್ನು ಇನ್ನೊಬ್ಬರಿಗೆ ಬಡಿಸುವುದು ಕಾನೂನಿನಂತೆ ಅಪರಾಧ, ಆದ್ದರಿಂದ ಉಳಿದದ್ದೆಲ್ಲ ಎಸೆಯಲೇಬೇಕು. ಇಲ್ಲಿ ಹಾಗಿಲ್ಲ. ನೆಂಚಿಕೆಗಳು ಮೂರೇ, ಮೂಲೆಯ ಮೇಜಿನ ಮೇಲೆ ಮುಚ್ಚಿಟ್ಟಿರುತ್ತವೆ, ಬೇಕಾದವರು ಎದ್ದುಹೋಗಿ ಬೇಕಾದಷ್ಟು ಹಾಕಿಕೊಳ್ಳಬೇಕು. ಅಕ್ಕಿ ತೊಳೆದ ನೀರು ಸಾರಿಗೆ ಹೋಗುತ್ತದೆ. ಅನ್ನದ ತಳ ಹಿಡಿದ ಸೀಕಲಿಗೆ ನೀರು ಹಾಕಿ ಕುದಿಸಿದ ಸುಂಗ್ನ್ಯುಂಗ್ ಊಟದ ಕೊನೆಗೆ ಬರುತ್ತದೆ. ಅಣಬೆಯ ತೊಟ್ಟು ಸೋಯಾ ರಸದಲ್ಲಿ ಬೆಂದು ನೆಂಚಿಕೆಯಾಗುತ್ತದೆ.

ಈ ಶಿಸ್ತಿಗೆ ನಗರವೂ ಜತೆಗೂಡಿದೆ. ಮನೆಯ ಕಸವನ್ನು ಹಣ ಕೊಟ್ಟು ಕೊಂಡ ಚೀಲದಲ್ಲಿಯೇ ಹಾಕಬೇಕೆಂಬ ನಿಯಮ ದೇಶದಲ್ಲಿ 1995ರಿಂದ ಇದೆ, ಚೀಲ ದೊಡ್ಡದಾದಷ್ಟೂ ಬೆಲೆ ಹೆಚ್ಚು. 2005ರಲ್ಲಿ ಆಹಾರದ ಕಸವನ್ನು ನೆಲದಲ್ಲಿ ಹೂಳುವುದು ನಿಂತಿತು. 2013ರಿಂದ ಅದನ್ನು ಅಳೆದು ತೂಗಿ ಶುಲ್ಕ ಹಾಕುತ್ತಾರೆ. ಅಕ್ಕನ ಮಗಳು ಇರುವ ವಸತಿ ಕಟ್ಟಡದ ಕೆಳಗೆ ಒಂದು ಯಂತ್ರವಿದೆ. ಕಾರ್ಡು ತೋರಿಸಿದರೆ ಮುಚ್ಚಳ ತೆರೆಯುತ್ತದೆ, ಅಡುಗೆಮನೆಯ ಕಸ ಸುರಿದರೆ ಅಲ್ಲಿಯೇ ತೂಕ ಕಾಣುತ್ತದೆ, ತಿಂಗಳ ಕೊನೆಗೆ ಬಿಲ್ಲು. “ಈರುಳ್ಳಿ ಸಿಪ್ಪೆ ಇದಕ್ಕೆ ಹಾಕೋ ಹಾಗಿಲ್ಲ, ಮೊಟ್ಟೆ ಚಿಪ್ಪು, ಚಹಾ ಸೊಪ್ಪು ಕೂಡ ಹಾಕೋ ಹಾಗಿಲ್ಲ. ದನ ಕರು ತಿನ್ನೋ ಹಾಗಿದ್ರೆ ಮಾತ್ರ” ಎಂದು ಅವಳು ಮೊದಲ ರಾತ್ರಿಯೇ ನನಗೆ ಪಾಠ ಮಾಡಿದ್ದಳು. ಹೀಗೆ ಕೂಡಿಸಿದ ಆಹಾರದ ಕಸದಲ್ಲಿ ಶೇ 95ರಷ್ಟು ಪಶು ಆಹಾರವಾಗಿ, ಗೊಬ್ಬರವಾಗಿ, ಅನಿಲವಾಗಿ ಮರಳುತ್ತದೆ.

ಎಲ್ಲವೂ ಮುಂದಕ್ಕೇ ಹೋಗಿದೆ ಎಂದೇನಿಲ್ಲ. ಕೆಫೆಯಲ್ಲಿ ಕೂತು ಕುಡಿಯುವವರಿಗೆ ಪ್ಲಾಸ್ಟಿಕ್ ಲೋಟ ಕೊಡಬಾರದೆಂದು 2018ರಲ್ಲಿ ಕಟ್ಟಳೆ ಬಂತು. ಕೊರೋನಾ ಕಾಲದಲ್ಲಿ ಅದು ಸಡಿಲವಾಯಿತು, 2022ರಲ್ಲಿ ಮತ್ತೆ ಬಂತು. ಕಾಗದದ ಲೋಟವನ್ನೂ ನಿಲ್ಲಿಸುತ್ತೇವೆಂದು ಹೊರಟ ಸರ್ಕಾರ 2023ರ ನವೆಂಬರಿನಲ್ಲಿ ಹಿಂದೆ ಸರಿಯಿತು. ಅದನ್ನು ನಂಬಿ ಪಿಂಗಾಣಿ ಲೋಟ, ತೊಳೆಯುವ ಯಂತ್ರ ಕೊಂಡಿದ್ದ ಸಣ್ಣ ಅಂಗಡಿಯವರಿಗೆ ಅದೊಂದು ಪೆಟ್ಟು. ಸರ್ಕಾರದ ಆ ನಡೆ ತಪ್ಪೆಂದೇ ನನ್ನ ಭಾವನೆ. ಕಟ್ಟಳೆ ಕಷ್ಟಪಟ್ಟು ಪಾಲಿಸಿದವನನ್ನು ನಡುದಾರಿಯಲ್ಲಿ ಕೈಬಿಡಬಾರದು. ಮಾಂಗ್ವನ್‌ನ ಈ ಕೆಫೆ ಮಾತ್ರ ಹಿಂದೆ ಸರಿದಿಲ್ಲ. ಊಟ ಕಟ್ಟಿಸಿಕೊಂಡು ಹೋಗಬೇಕಾದವರು ತಮ್ಮ ಡಬ್ಬಿ ತರಬೇಕು. ನಾವಿದ್ದಾಗಲೇ ಒಬ್ಬ ತರುಣ ಸ್ಟೀಲ್ ಡಬ್ಬಿಗಳ ಚೀಲ ಹಿಡಿದು ಬಂದು, ಅಜ್ಜಿಗೆ ಎಂದು ಸಾರು ತುಂಬಿಸಿಕೊಂಡು ಹೋದ.

ಬಟ್ಟಲು ಖಾಲಿಯಾಗಿತ್ತು. ಸಕ್ಕರೆಯಲ್ಲಿ ಕಳಿತ ಹಸಿರು ಪ್ಲಮ್‌ನ ಪಾನಕ ತಂದುಕೊಟ್ಟು ಯಜಮಾನಿ ನಮ್ಮೆದುರು ಕೂತಳು. ಮಧ್ಯಾಹ್ನದ ಗದ್ದಲ ಮುಗಿದಿತ್ತು. ಭಾರತದಲ್ಲಿ ಎಷ್ಟೊಂದು ಜನ ಹುಟ್ಟಾ ಸಸ್ಯಾಹಾರಿಗಳು ಎಂಬುದು ಅವಳಿಗೆ ಬಹಳ ಬೆರಗಿನ ವಿಷಯ. ತಾನು ಮಾಂಸ ಬಿಟ್ಟಾಗ ಮನೆಯಲ್ಲಿ ತಾಯಿ ಅತ್ತಿದ್ದರಂತೆ. ಆಮೇಲೆ ಅವಳೊಂದು ಪ್ರಶ್ನೆ ಕೇಳಿದಳು. ಅಕ್ಕನ ಮಗಳು ಅದನ್ನು ಕನ್ನಡಕ್ಕೆ ತರುವ ಮೊದಲು ಒಂದು ಕ್ಷಣ ನನ್ನ ಮುಖ ನೋಡಿದಳು.

“ನಿಮ್ಮಲ್ಲಿ ಇಷ್ಟು ಜನ ಸಸ್ಯಾಹಾರಿಗಳು ಇರೋದ್ರಿಂದ ಊಟದ ಕಸ ಕಡಿಮೆ ಇರ್ಬೇಕಲ್ವಾ, ಅಂತ ಕೇಳ್ತಿದ್ದಾಳೆ ಚಿಕ್ಕಮ್ಮ.”

ಅವಳ ಮಟ್ಟಿಗೆ ಎರಡೂ ಒಂದೇ ವ್ರತ. ಪ್ರಾಣಿಯನ್ನು ಕೊಲ್ಲದಿರುವುದು, ನೆಲವನ್ನು ಕೆಡಿಸದಿರುವುದು. ಒಂದನ್ನು ಹಿಡಿದವರು ಇನ್ನೊಂದನ್ನು ಬಿಟ್ಟಾರು ಎಂಬುದು ಅವಳಿಗೆ ಹೊಳೆಯುವ ವಿಚಾರವೇ ಅಲ್ಲ. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ನಮ್ಮ ಸಸ್ಯಾಹಾರದ ಕಾವಲು ಬಹಳ ಬಿಗಿಯಾಗಿದೆ. ಯಾರು ಬೇಯಿಸಿದರು, ಯಾವ ಪಾತ್ರೆ ಯಾವುದಕ್ಕೆ ತಗಲಿತು, ಎಂಜಲು ಯಾವುದು, ಮೈಲಿಗೆ ಯಾವುದು ಎಂಬುದನ್ನೆಲ್ಲ ತಟ್ಟೆಗೆ ಬರುವವರೆಗೆ ಕಾಯುತ್ತೇವೆ. ತಟ್ಟೆಯಿಂದ ಹೊರಟ ಮೇಲೆ ಅದು ಯಾರದೋ ತಲೆನೋವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ನಗರದ ಕಲ್ಯಾಣ ಮಂಟಪಗಳನ್ನು ಸಮೀಕ್ಷೆ ಮಾಡಿ 2012ರಲ್ಲಿ ಕೊಟ್ಟ ಲೆಕ್ಕ ನೆನಪಾಯಿತು. ಮದುವೆ ಊಟಗಳಲ್ಲಿಯೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಕಸಕ್ಕೆ ಹೋಗುತ್ತಿತ್ತು. ಬಾಳೆ ಎಲೆ ಮಣ್ಣಿಗೆ ಮರಳುತ್ತದೆ ಎಂದು ನಾವು ಹೆಮ್ಮೆಪಡುತ್ತೇವೆ, ಸರಿಯೇ. ಅದರ ಮೇಲೆ ಮುಟ್ಟದೆ ಬಿಟ್ಟ ಹೋಳಿಗೆ, ಚಿತ್ರಾನ್ನ, ಎರಡೆರಡು ಬಗೆಯ ಪಲ್ಯಗಳ ಜತೆ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನೂ ಸುತ್ತಿ ಎಸೆದರೆ ಆ ಎಲೆಯಾದರೂ ಏನು ಮಾಡೀತು? ಆ ಮೂಟೆಗಳೆಲ್ಲ ವರ್ಷಗಟ್ಟಲೆ ಹೋಗಿ ಬಿದ್ದದ್ದು ಮಂಡೂರಿನಲ್ಲಿ, ಮಾವಳ್ಳಿಪುರದಲ್ಲಿ. ನೊಣ, ನಾತ, ಕೆಟ್ಟ ಬಾವಿನೀರು ತಾಳಲಾರದೆ ಮಂಡೂರಿನ ಜನ ಲಾರಿಗಳಿಗೆ ಅಡ್ಡ ನಿಂತದ್ದು, ಪೊಲೀಸ್ ಕಾವಲಿನಲ್ಲಿ ಕಸ ಸಾಗಿಸಿದ್ದು, 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತದ್ದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ನಿಂತದ್ದು ಅಲ್ಲಿ ಮಾತ್ರ, ಲಾರಿಗಳು ಬೇರೆ ಊರಿನ ದಾರಿ ಹಿಡಿದವು. ಆ ಮೂಟೆಗಳಲ್ಲಿ ಸಸ್ಯಾಹಾರಿಗಳ ಪಾಲು ಕಡಿಮೆಯೇನೂ ಇರಲಿಲ್ಲ.

ಅವಳು ಬೇಸರಪಡಲಿಲ್ಲ, ಬುದ್ಧಿ ಹೇಳಲೂ ಇಲ್ಲ. ನಾಂಜಿದೊ ಕಸದ ಗುಡ್ಡವಾಗಿದ್ದ ಕಾಲದಲ್ಲಿ ತನ್ನ ತಾಯಿಯ ಮನೆ ಇದೇ ಬಡಾವಣೆಯಲ್ಲಿತ್ತು, ಬೇಸಿಗೆಯಲ್ಲಿ ಗಾಳಿ ತಿರುಗಿದರೆ ಕಿಟಕಿ ತೆರೆಯುವ ಹಾಗಿರಲಿಲ್ಲವಂತೆ ಎಂದು ಹೇಳಿದಳು. ಅಂದರೆ ಅವರೂ ಇದನ್ನು ದಾಟಿಯೇ ಬಂದವರು. ಒಂದು ಊರು ಬದಲಾಗಲು ಬಹಳ ತಲೆಮಾರುಗಳೇನೂ ಬೇಕಿಲ್ಲ. ತಾಯಿ ಕಿಟಕಿ ಮುಚ್ಚಿಕೊಂಡ ಓಣಿಯಲ್ಲಿಯೇ ಮಗಳು ಊಟದ ಅಂಗಡಿ ತೆರೆದಿದ್ದಾಳೆ. ಕಾನೂನು, ಶುಲ್ಕ, ಯಂತ್ರ ಇವೆಲ್ಲ ಸೇರಿ ಅರ್ಧ ಕೆಲಸ ಮಾಡಿವೆ. ಉಳಿದರ್ಧ ಮಾಡಿದ್ದು ಇಷ್ಟೇ ಬಡಿಸಿದರೆ ಸಾಕು ಎಂದು ನಾಚಿಕೆಯಿಲ್ಲದೆ ಹೇಳುವ ಇಂಥವರು. ಅತಿಥಿಗೆ ಕಡಿಮೆ ಬಡಿಸುವುದು ಅವಮಾನ ಎಂದು ತಿಳಿದ ನಾಡು ಅದೂ ಹೌದು, ನಮ್ಮದೂ ಹೌದು.

ಹಣ ಕೊಟ್ಟು ಹೊರಡುವಾಗ ಅವಳು ಕೈಯಲ್ಲಿ ಎರಡು ಪರ್ಸಿಮನ್ ಇಟ್ಟಳು. ಚೀಲವಿದೆಯೇ ಎಂದು ಕೇಳಿಯೇ ಕೊಟ್ಟಳು.

ಬೆಂಗಳೂರಿನಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಇಟ್ಟುಕೊಂಡವರಿಗೆ ಒಂದು ಮಾತು. ಅದಮ್ಯ ಚೇತನ ಸಂಸ್ಥೆಯ ಪ್ಲೇಟ್ ಬ್ಯಾಂಕ್ ಸ್ಟೀಲ್ ತಟ್ಟೆ, ಲೋಟಗಳನ್ನು ಸಮಾರಂಭಗಳಿಗೆ ಎರವಲು ಕೊಡುತ್ತದೆ, ಕೇಳಿ ನೋಡಿ. ಅಡುಗೆಯವರೊಂದಿಗೆ ಮಾತಾಡುವಾಗ ಎರಡು ಬಗೆ ಕಡಿಮೆ ಮಾಡಿಸಿ, ಬಡಿಸುವವರಿಗೆ ಕೇಳಿ ಬಡಿಸಲು ಹೇಳಿ. ಬಂದವರು ಹಸಿದು ಹೋಗುವುದಿಲ್ಲ.

ಸೋಲ್‌ಗೆ ಹೋಗುವ ಸಸ್ಯಾಹಾರಿಗಳಿಗೆ ಇನ್ನೊಂದು. ಗೋಗಿ ಎಂದರೆ ಮಾಂಸ, ಹೆಸನ್ಮುಲ್ ಎಂದರೆ ಮೀನು ಸಿಗಡಿಗಳೆಲ್ಲ, ಮ್ಯೊಲ್ಚಿ ಯುಕ್ಸು ಎಂದರೆ ಒಣಮೀನು ಕುದಿಸಿದ ನೀರು. ಈ ಮೂರನ್ನೂ ಹೆಸರಿಸಿ, ಕೊನೆಗೆ ‘ಪ್ಪೆ ಜುಸೆಯೊ’ ಎಂದು ಸೇರಿಸಿದರೆ ಅವನ್ನು ಬಿಟ್ಟು ಕೊಡಿ ಎಂದು ಅರ್ಥವಾಗುತ್ತದೆ. ಮಾಂಗ್ವನ್‌ಗೆ ಸುರಂಗ ರೈಲಿನ ಆರನೆಯ ಮಾರ್ಗದಲ್ಲಿ ಹೋಗಬೇಕು. ಮೂರು ಗಂಟೆಗೆ ಇಂಥ ಬಹಳಷ್ಟು ಅಂಗಡಿಗಳು ಒಲೆ ಆರಿಸಿ ಸಂಜೆಯವರೆಗೆ ಬಾಗಿಲು ಹಾಕುತ್ತವೆ, ಅದಕ್ಕೂ ಮುಂಚೆ ಹೋಗಿ. ಒಂದು ಡಬ್ಬಿ ಜತೆಗಿರಲಿ.